ಮಂಡಿಯ ಕೆಳಗೆ ಇಟ್ಟ ದಿಂಬು

ಸ್ಕ್ಯಾನಿಂಗ್ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿ ಹನ್ನೊಂದು ವರ್ಷವಾಯಿತು. ಅಷ್ಟು ವರ್ಷಗಳಲ್ಲಿ ಬಂದ ಒಂದು ಫೋನ್ ಕರೆ ಇವತ್ತಿಗೂ ಕಿವಿಯಲ್ಲಿದೆ. ಮಾಡಿದವರು ಮೂಳೆ ಡಾಕ್ಟರು.

"ಹೊರಗಡೆ ಮಾಡಿಸಿದ ಸಿ.ಟಿ.ಯಲ್ಲಿ 21 ಇದೆ, ನಿಮ್ಮ ಎಂಆರ್‌ಐನಲ್ಲಿ 14. ಅದೇ ಹುಡುಗಿ, ಅದೇ ಕಾಲು. ಈಗ ನಾನು ಮೂಳೆ ಕತ್ತರಿಸಬೇಕೋ ಬೇಡವೋ?"

ಹುಡುಗಿಗೆ ಹದಿನಾರು ವರ್ಷ, ಕಬಡ್ಡಿ ಆಡುವವಳು. ಬಲಗಾಲಿನ ಮಂಡಿಚಿಪ್ಪು ಮೂರು ಸಲ ಹೊರಮಗ್ಗುಲಿಗೆ ಜಾರಿತ್ತು.

ಈ 21, 14 ಅಂದರೆ ಏನು ಅಂತ ಹೇಳಿಬಿಡುತ್ತೇನೆ. ತೊಡೆಮೂಳೆಯ ಕೆಳತುದಿಯಲ್ಲಿ ಚಿಪ್ಪು ಮೇಲೆ ಕೆಳಗೆ ಓಡಾಡಲು ಕಾಲುವೆಯಂಥ ತಗ್ಗು ಇರುತ್ತದೆ. ಚಿಪ್ಪಿನಿಂದ ಇಳಿದುಬರುವ ಗಟ್ಟಿ ಪಟ್ಟಿ ಮಂಡಿಯ ಕೆಳಗಿನ ಟಿಬಿಯಾ ಮೂಳೆಯ ಮುಂದಿರುವ ಉಬ್ಬಿಗೆ ಹತ್ತಿಕೊಂಡಿರುತ್ತದೆ. ಆ ಉಬ್ಬು ತಗ್ಗಿಗಿಂತ ಎಷ್ಟು ಮಿ.ಮೀ. ಹೊರಕ್ಕಿದೆ ಅನ್ನುವುದೇ ಟಿಟಿ-ಟಿಜಿ ದೂರ. ಉಬ್ಬು ಹೊರಕ್ಕಿದ್ದಷ್ಟೂ ತೊಡೆಯ ಸ್ನಾಯು ಬಿಗಿದಾಗ ಚಿಪ್ಪು ಹೊರಗಡೆಗೇ ವಾಲುತ್ತದೆ. 1994ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಆನ್ರಿ ದೆಜೂರ್ ತಂಡ ಸಿ.ಟಿ. ಅಳತೆಗಳನ್ನು ನೋಡಿ 20 ಮಿ.ಮೀ. ಎಂಬ ಗಡಿ ಹಾಕಿತು. ಅದು ದಾಟಿದರೆ ಉಬ್ಬನ್ನು ಮೂಳೆಸಮೇತ ಕತ್ತರಿಸಿ, ಒಳಕ್ಕೆ ಸರಿಸಿ, ಸ್ಕ್ರೂ ಹಾಕುವ ಮಾತು ಬರುತ್ತದೆ. ಅಷ್ಟಿಲ್ಲದಿದ್ದರೆ ಒಳಮಗ್ಗುಲಲ್ಲಿ ಚಿಪ್ಪನ್ನು ಹಿಡಿದಿಡುವ, ಈಗ ಹರಿದಿರುವ ಲಿಗಮೆಂಟನ್ನು ಮಾತ್ರ ಕಟ್ಟಿದರೂ ಸಾಕಾಗಬಹುದು. ಇವೆರಡೂ ಬೇರೆ ಬೇರೆ ಆಪರೇಷನ್. ಬೆಳೆಯುವ ಹುಡುಗಿಯ ವಿಷಯದಲ್ಲಿ ಅದು ಸಣ್ಣ ವ್ಯತ್ಯಾಸವಲ್ಲ.

ನಾನೂ ನಮ್ಮ ರೇಡಿಯಾಲಜಿಸ್ಟ್ ಮೇಡಂ ಕೂತು ಮತ್ತೆ ಅಳೆದೆವು. ತೊಡೆಮೂಳೆಯ ಹಿಂಭಾಗದ ಎರಡು ಗುಂಡುಗಳಿಗೆ ತಾಗಿಸಿ ಒಂದು ಗೆರೆ. ತಗ್ಗಿನ ತಳದಿಂದ ಅದಕ್ಕೆ ಒಂದು ಲಂಬ, ಉಬ್ಬಿನ ನಡುವಿನಿಂದ ಇನ್ನೊಂದು ಲಂಬ. ನಡುವಿನ ಅಂತರ ಮತ್ತೆ 14. ಗೆರೆಯಲ್ಲಿ ತಪ್ಪಿರಲಿಲ್ಲ.

ಆಮೇಲೆ ಮೇಡಂ ಪಕ್ಕದಿಂದ ತೆಗೆದ ಚಿತ್ರಗಳನ್ನು ತೆರೆದರು. ಮಂಡಿ ನೇರವಾಗಿರಲಿಲ್ಲ, ಚೆನ್ನಾಗಿಯೇ ಮಡಚಿತ್ತು. ನನಗೆ ಆ ದಿನ ನೆನಪಾಯಿತು. "ಅಕ್ಕಾ, ಕಾಲು ಪೂರ್ತಿ ಚಾಚಿಸಬೇಡಿ, ಮತ್ತೆ ಹೊರಗೆ ಹೋಗ್ಬಿಡತ್ತೆ" ಅಂತ ಹುಡುಗಿ ನನ್ನ ಕೈ ಹಿಡಿದುಕೊಂಡಿದ್ದಳು. ನಾನು ಮಂಡಿಯ ಕೆಳಗೆ ದಪ್ಪ ದಿಂಬು ಇಟ್ಟಿದ್ದೆ. ಅವಳು ಇಪ್ಪತ್ತು ನಿಮಿಷ ಅಲುಗಾಡದೆ ಮಲಗಿದ್ದಳು, ಚಿತ್ರ ಸ್ಫಟಿಕದಂತೆ ಬಂದಿತ್ತು. ಒಳ್ಳೆಯ ಕೆಲಸ ಮಾಡಿದೆ ಅಂತ ಸಮಾಧಾನದಿಂದ ಮನೆಗೆ ಹೋಗಿದ್ದೆ.

ನೀವೇ ಪರೀಕ್ಷೆ ಮಾಡಿ ನೋಡಬಹುದು. ಕುರ್ಚಿಯಲ್ಲಿ ಕೂತು, ಚಿಪ್ಪಿನ ಕೆಳಗಿನ ಉಬ್ಬಿನ ಮೇಲೆ ಬೆರಳಿಟ್ಟು ನಿಧಾನವಾಗಿ ಕಾಲು ಚಾಚಿ. ಕಾಲು ಪೂರ್ತಿ ನೇರವಾಗುವ ಕೊನೆಯ ಹಂತದಲ್ಲಿ ಉಬ್ಬು ಸ್ವಲ್ಪ ಹೊರಕ್ಕೆ ಸರಿಯುತ್ತದೆ. ಸ್ಕ್ರೂ ಬಿಗಿಯುವ ಹಾಗೆ ಟಿಬಿಯಾ ಹೊರಕ್ಕೆ ತಿರುಗಿ ಮಂಡಿಯನ್ನು ಲಾಕ್ ಮಾಡುತ್ತದೆ. ಮಡಚಿದ ಕೂಡಲೇ ಲಾಕ್ ಬಿಡುತ್ತದೆ, ಉಬ್ಬು ಒಳಕ್ಕೆ ಬರುತ್ತದೆ, ದೂರ ಕಡಿಮೆಯಾಗುತ್ತದೆ. ನೇರ ಕಾಲಿಗೂ 30 ಡಿಗ್ರಿ ಮಡಚಿದ ಕಾಲಿಗೂ ಹಲವು ಮಿ.ಮೀ. ವ್ಯತ್ಯಾಸ ಬರುತ್ತದೆ. ಒಂದೇ ಕಾಲಿನಿಂದ ನನ್ನ ದಿಂಬು ಬೇರೆಯದೇ ಸಂಖ್ಯೆ ಹೊರಡಿಸಿತ್ತು.

ಪೂರ್ತಿ ತಪ್ಪು ದಿಂಬಿನದಲ್ಲ. ಮಂಡಿ ಒಂದೇ ಭಂಗಿಯಲ್ಲಿದ್ದರೂ ಎಂಆರ್‌ಐ ಅಳತೆ ಸಾಮಾನ್ಯವಾಗಿ ಸಿ.ಟಿ.ಗಿಂತ ಒಂದಿಷ್ಟು ಕಡಿಮೆಯೇ ಬರುತ್ತದೆ. ಸಿ.ಟಿ.ಯಿಂದ ಹುಟ್ಟಿದ 20ರ ಗಡಿಯನ್ನು ಎಂಆರ್‌ಐಗೆ ಹಾಗೇ ಅಂಟಿಸುವುದು ಸರಿಯಲ್ಲ. ಎಂಆರ್‌ಐನಲ್ಲಿ ಕೆಲವರು ಮೂಳೆಯ ಉಬ್ಬನ್ನು ಗುರುತಿಸುತ್ತಾರೆ, ಕೆಲವರು ಪಟ್ಟಿಯ ನಡುವನ್ನು. ಯಾವುದನ್ನು ಗುರುತಿಸಿದ್ದೇವೆ ಅಂತ ವರದಿಯಲ್ಲಿ ಬರೆಯದಿದ್ದರೆ ಓದುವ ಡಾಕ್ಟರಿಗೆ ತಿಳಿಯುವುದಾದರೂ ಹೇಗೆ?

ಇನ್ನೊಂದು ಕಷ್ಟವಿದೆ, ನನ್ನನ್ನು ಹೆಚ್ಚು ಕಾಡುವುದು ಅದೇ. ಚಿಪ್ಪು ಪದೇ ಪದೇ ಜಾರುವವರಲ್ಲಿ ಬಹಳಷ್ಟು ಮಂದಿಗೆ ಆ ಕಾಲುವೆಯೇ ಸರಿಯಾಗಿ ಬೆಳೆದಿರುವುದಿಲ್ಲ. ಚಪ್ಪಟೆ ಇರುತ್ತದೆ, ಕೆಲವೊಮ್ಮೆ ಉಬ್ಬಿಕೊಂಡೂ ಇರುತ್ತದೆ. ತಗ್ಗೇ ಇಲ್ಲದ ಕಡೆ ತಗ್ಗಿನ ತಳವನ್ನು ಎಲ್ಲಿ ಗುರುತಿಸುವುದು? ಸ್ಕ್ಯಾನಿನ ಅಡ್ಡಪದರಗಳಲ್ಲಿ ಒಂದು ಸ್ಲೈಸ್ ಮೇಲೆ ಹೋದರೆ ಒಂದು ಸಂಖ್ಯೆ, ಕೆಳಗೆ ಬಂದರೆ ಇನ್ನೊಂದು. ಅಳತೆ ಯಾರಿಗೆ ಹೆಚ್ಚು ಬೇಕೋ ಅವರಲ್ಲೇ ಅದನ್ನು ನಂಬುವುದು ಹೆಚ್ಚು ಕಷ್ಟ. ಅಂಥ ಮಂಡಿ ಬಂದರೆ ನಾನೂ ಮೇಡಮ್ಮೂ ಬೇರೆ ಬೇರೆ ಅಳೆಯುತ್ತೇವೆ, ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ತೋರಿಸದೆ. ಎರಡೂ ದೂರವಿದ್ದರೆ ಸರಾಸರಿ ಹಾಕುವುದಿಲ್ಲ. ಕಾಲುವೆ ಚಪ್ಪಟೆ, ಅಳತೆ ಖಚಿತವಲ್ಲ ಅಂತಲೇ ಬರೆಯುತ್ತೇವೆ.

ಚಿಪ್ಪಿನ ಎತ್ತರ, ಚಿಪ್ಪಿನ ಓರೆ, ತೊಡೆಮೂಳೆಯ ತಿರುಚು, ಇವನ್ನೂ ನೋಡಬೇಕು. ಡಾಕ್ಟರು ಎಲ್ಲವನ್ನೂ ಒಟ್ಟಿಗೆ ಇಟ್ಟು ತೀರ್ಮಾನಿಸುತ್ತಾರೆ. ಆದರೆ ಕಾಲನ್ನು ಮೇಜಿನ ಮೇಲೆ ಇಡುವ ಕೈ ನಮ್ಮದು.

ಡಾಕ್ಟರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹುಡುಗಿಯ ತಂದೆಗೂ ಹೇಳಿದೆ: "ಸಾರ್, ನಾನು ಮಲಗಿಸಿದ್ದರಲ್ಲಿ ತಪ್ಪಾಗಿದೆ, ಇನ್ನೊಮ್ಮೆ ಕರ್ಕೊಂಡು ಬನ್ನಿ, ದುಡ್ಡು ಕಟ್ಟೋದು ಬೇಡ." ಅವರು ಒಂದು ಕ್ಷಣ ಸುಮ್ಮನಿದ್ದು "ಆಗಲಮ್ಮ" ಅಂದರು.

ಎರಡನೇ ಸಲ ಅವಸರ ಮಾಡಲಿಲ್ಲ. ಕಾಲು ನೇರ ಯಾಕೆ ಬೇಕು ಅಂತ ಪರದೆಯಲ್ಲಿ ಅವಳದೇ ಚಿತ್ರ ತೋರಿಸಿದೆ. ಚಿಪ್ಪಿನ ಹೊರಬದಿಗೆ ಅಂಗೈ ಒತ್ತಿ ಹಿಡಿದು, "ನೀನೇ ಚಾಚು, ನಾನು ಹಿಡ್ಕೊಂಡಿದೀನಿ" ಅಂದೆ. ಹತ್ತು ನಿಮಿಷ ಹಿಡಿಯಿತು, ಆದರೆ ಚಾಚಿದಳು. ದಿಂಬನ್ನು ಹಿಮ್ಮಡಿಯ ಅಕ್ಕಪಕ್ಕ ಇಟ್ಟು ಪಾದ ಅಲುಗದಂತೆ ಪಟ್ಟಿ ಹಾಕಿದೆ. ಆ ಸಲ 18 ಬಂತು. ಎಂಆರ್‌ಐನ 18, ಸಿ.ಟಿ.ಯ 21ರ ಜೊತೆ ಒಪ್ಪುವಂಥದ್ದೇ.

ಈಗ ನಮ್ಮಲ್ಲಿ ಮಂಡಿಚಿಪ್ಪಿನ ಸ್ಕ್ಯಾನ್‌ಗೆ ಬೇರೆಯದೇ ಹಾಳೆ ಇದೆ. ಮಂಡಿ ಎಷ್ಟು ಡಿಗ್ರಿಯಲ್ಲಿತ್ತು ಅಂತ ಕೋನ ಅಳೆಯುವ ಗೋನಿಯೋಮೀಟರ್ ಇಟ್ಟು ನೋಡಿ ಮೊದಲ ಸಾಲಿನಲ್ಲೇ ಬರೆಯುತ್ತೇವೆ. ಊತದಿಂದ ಕಾಲು ಚಾಚಲಾಗದವರನ್ನು ಬಲವಂತ ಮಾಡುವುದಿಲ್ಲ. ಆ ಡಿಗ್ರಿಯನ್ನೇ ಬರೆದು, ಅದರ ಪಕ್ಕದಲ್ಲಿ "20ರ ಗಡಿಗೆ ಹೋಲಿಸಬೇಡಿ" ಎಂದು ಸೇರಿಸುತ್ತೇವೆ.