ಶಾಂತವೇರಿ ಗೋಪಾಲಗೌಡರ ಬಗ್ಗೆ ಒಂದು ಪುಟ ಬರೆಯಲು ಕೂತ ದಿನ

ಮಾಜಿ ಶಾಸಕರೊಬ್ಬರ ಬದುಕನ್ನು ಬರೆಯಲು ಕೂತರೆ ಮೊದಲು ಕೈಕೊಡುವುದು ಇಸವಿ. ಸಮಾಜವಾದಿ ನಾಯಕ ಗೋಪಾಲಗೌಡರ ಬಗ್ಗೆ ಒಂದೇ ಪುಟದ ಪರಿಚಯ ಬೇಕಿತ್ತು. ಬೆಳಿಗ್ಗೆ ಶುರುಮಾಡಿದರೆ ಊಟದ ಹೊತ್ತಿಗೆ ಮುಗಿಯಬಹುದಾದ ಕೆಲಸ. ಆದರೆ ಮೂರು ಸಲ ಶಾಸಕರಾಗಿ, ಒಂದು ಸಲವೂ ಮಂತ್ರಿಯಾಗದವರ ಕಥೆ ಹಾಗೆ ಸುಲಭಕ್ಕೆ ಪುಟಕ್ಕೆ ಇಳಿಯುವುದಿಲ್ಲ. ಮಂತ್ರಿಯಾದವರಿಗೆ ಖಾತೆಯ ಪಟ್ಟಿ ಇರುತ್ತದೆ, ಉದ್ಘಾಟನೆಯ ಕಲ್ಲುಗಳಿರುತ್ತವೆ. ವಿರೋಧ ಪಕ್ಷದಲ್ಲೇ ಕೂತವರಿಗೆ ಅದ್ಯಾವುದೂ ಇಲ್ಲ. ಅವರ ಕೆಲಸವನ್ನು ಬೇರೆಯವರು ಮಾಡಿದ ಕಾಯಿದೆಗಳ ಒಳಗೆ ಹುಡುಕಬೇಕು.

ಮೊದಲು ಉದ್ದನೆಯ ಹಾಳೆಯ ಮೇಲೆ ಐದು ಕಾಲಂ ಎಳೆಯುವುದು: ಇಸವಿ, ಕ್ಷೇತ್ರ, ಪಕ್ಷ, ರಾಜ್ಯದ ಹೆಸರು, ಸದನದ ಒಟ್ಟು ಸ್ಥಾನ. ಹುಟ್ಟು 1923ರ ಮಾರ್ಚ್ 14, ತೀರ್ಥಹಳ್ಳಿ ತಾಲ್ಲೂಕಿನ ಆರಗ. ಸಾವು 1972ರ ಜೂನ್ 9. ಅಂದರೆ ಬದುಕಿದ್ದು ನಲವತ್ತೊಂಬತ್ತು ವರ್ಷ. ಇಷ್ಟರವರೆಗೆ ತಕರಾರಿಲ್ಲ.

ಮೊದಲ ಗೆಲುವು ಸಾಗರ-ಹೊಸನಗರದಿಂದ. ಆ ಚುನಾವಣೆಯನ್ನು ಚುನಾವಣಾ ಆಯೋಗದ ದಾಖಲೆ 1951 ಎನ್ನುತ್ತದೆ, ಊರಿನವರು 1952 ಎನ್ನುತ್ತಾರೆ. ಎರಡೂ ಸರಿಯೇ. ದೇಶದ ಮೊದಲ ಮಹಾಚುನಾವಣೆಯ ಮತದಾನ 1951ರ ಕೊನೆಯಲ್ಲಿ ಶುರುವಾಗಿ 1952ರ ಆರಂಭದವರೆಗೆ ನಡೆಯಿತು. ಪರಿಚಯದಲ್ಲಿ 1952 ಎಂದು ಬರೆದು, ಅಂಕಿಅಂಶ ಹುಡುಕುವಾಗ 1951ರ ಕಡತ ತೆಗೆಯುವುದು ಸರಿ. ಎರಡನ್ನೂ ಎರಡು ಚುನಾವಣೆ ಅಂದುಕೊಂಡರೆ ಮೂರು ಸಲ ಗೆದ್ದವರು ನಾಲ್ಕು ಸಲ ಗೆದ್ದಂತಾಗುತ್ತದೆ.

ಆ ಮೊದಲ ಅವಧಿಯೊಂದರಲ್ಲೇ ಎಷ್ಟೆಲ್ಲ ಬದಲಾಯಿತು ನೋಡಿ. 1952ರ ಜೂನ್‌ನಲ್ಲಿ ಸದನ ಸೇರಿದ್ದು ಅಠಾರ ಕಚೇರಿಯಲ್ಲಿ, ಈಗಿನ ಹೈಕೋರ್ಟ್ ಕಟ್ಟಡದಲ್ಲಿ. ಆಗ ಚುನಾಯಿತ ಸ್ಥಾನ 99. ರಾಜ್ಯ ಪುನರ್ವಿಂಗಡಣೆಯಾದ ಮೇಲೆ 1956ರ ಡಿಸೆಂಬರ್‌ನ ಅಧಿವೇಶನ ಹೊಸ ವಿಧಾನಸೌಧದಲ್ಲಿ. ಮುಖ್ಯಮಂತ್ರಿಗಳು ಮೂವರು: ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ಎಸ್. ನಿಜಲಿಂಗಪ್ಪ. 1957ರಲ್ಲಿ ಸೋಲು. ಹೊಗಳಿಕೆಯ ಲೇಖನಗಳಲ್ಲಿ ಈ ಸಾಲು ಎಷ್ಟೋ ಸಲ ಮಾಯವಾಗುತ್ತದೆ. ಅದನ್ನು ಬಿಟ್ಟರೆ ಐದು ವರ್ಷ ಅವರು ಎಲ್ಲಿದ್ದರೆಂಬ ಪ್ರಶ್ನೆ ಹಾಗೇ ಉಳಿಯುತ್ತದೆ. 1962ರಲ್ಲಿ ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆಲುವು. ಕೊನೆಯ ಅವಧಿಯನ್ನು ‘1967-72’ ಎಂದು ಬರೆಯುವವರಿದ್ದಾರೆ. 1971ರ ಮಾರ್ಚ್‌ನಲ್ಲೇ ರಾಷ್ಟ್ರಪತಿ ಆಳ್ವಿಕೆ ಬಂದು, ಆಮೇಲೆ ವಿಧಾನಸಭೆ ವಿಸರ್ಜನೆಯಾಯಿತು. ಅಲ್ಲಿಗೆ ಅವರ ಶಾಸಕತನವೂ ಮುಗಿಯಿತು.

ರಾಜ್ಯದ ಹೆಸರಿನ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೆ ‘ಮೈಸೂರು’ ಎಂದೇ ಬರುತ್ತದೆ. ಕರ್ನಾಟಕ ಎಂಬ ಹೆಸರಿಗಾಗಿ ಸದನದಲ್ಲಿ ದನಿ ಎತ್ತಿದವರು ಅವರು. ಹೆಸರು ಬದಲಾದದ್ದು 1973ರ ನವೆಂಬರ್ 1ಕ್ಕೆ. ಹಾಗಾಗಿ ‘ಕರ್ನಾಟಕ ವಿಧಾನಸಭೆಯ ಸದಸ್ಯರು’ ಎಂದು ಬರೆದರೆ ಮಾತು ತಪ್ಪು, ಒಂದಿಷ್ಟು ಕ್ರೂರವೂ ಹೌದು.

ಪಕ್ಷದ ಕಾಲಂ ಇನ್ನೂ ತೊಡಕಿನದು. 1952ರಲ್ಲಿ ಸಮಾಜವಾದಿ ಪಕ್ಷ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅದು ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಜೊತೆ ಸೇರಿ ಪ್ರಜಾ ಸಮಾಜವಾದಿ ಪಕ್ಷವಾಯಿತು. 1955ರಲ್ಲಿ ರಾಮಮನೋಹರ ಲೋಹಿಯಾ ಹೊರಬಂದು ಮತ್ತೆ ಸಮಾಜವಾದಿ ಪಕ್ಷ ಕಟ್ಟಿದರು. 1964-65ರ ಕೂಡುವ-ಒಡೆಯುವ ಆಟದ ನಂತರ ಉಳಿದದ್ದು ಸಂಯುಕ್ತ ಸಮಾಜವಾದಿ ಪಕ್ಷ. ಇದು ಗೊತ್ತಿಲ್ಲದೆ ಪಟ್ಟಿ ನೋಡಿದವರು ‘ಪಕ್ಷಾಂತರಿ’ ಎಂದುಬಿಡುತ್ತಾರೆ. ಮನುಷ್ಯ ನಿಂತ ಜಾಗದಲ್ಲೇ ನಿಂತಿದ್ದರು, ಬೋರ್ಡು ಬದಲಾಗುತ್ತಿತ್ತು.

ಕಾಲಂ ತುಂಬಿದ ಮೇಲೆ ಉಳಿಯುವ ಪ್ರಶ್ನೆ ಒಂದೇ. ಹಣವಿಲ್ಲದ, ಮೂವತ್ತೂ ತುಂಬದ ಹುಡುಗ 1952ರಲ್ಲಿ ಗೆದ್ದದ್ದು ಹೇಗೆ? ಆಗ ವಿಧಾನಸಭೆಗೆ ಠೇವಣಿ 250 ರೂಪಾಯಿ. ಚಲಾವಣೆಯಾದ ಮತದ ಆರನೇ ಒಂದು ಭಾಗ ಬಾರದಿದ್ದರೆ ಅದು ಹೋಯಿತು. ಮತಪತ್ರಕ್ಕೆ ಮುದ್ರೆ ಒತ್ತುವ ಪದ್ಧತಿ ಇನ್ನೂ ಬಂದಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಮತದಾರ ಪರದೆಯ ಹಿಂದೆ ಹೋಗಿ ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಗೆ ಹಾಕಿ ಬರಬೇಕು. ಓದು ಬಾರದ ಗೇಣಿದಾರನಿಗೆ, ಅಂದರೆ ಒಡೆಯರ ಜಮೀನನ್ನು ಗೇಣಿಗೆ ಉಳುವವನಿಗೆ, ಇದು ಅನುಕೂಲವೇ ಆಯಿತು. ಆದರೆ ಚಿಹ್ನೆ ಗುರುತಿಸುವುದಕ್ಕಿಂತ ಮೊದಲು ಒಡೆಯರ ಹೆದರಿಕೆ ಬಿಡಬೇಕಿತ್ತು. ಆ ಕೆಲಸ ಚುನಾವಣೆಗೆ ಮುಂಚೆ, ಸಾಗರ ತಾಲ್ಲೂಕಿನ ಕಾಗೋಡಿನ ಗದ್ದೆಯಲ್ಲಿ ಆಗಿತ್ತು.

ಕಾಗೋಡು ಸತ್ಯಾಗ್ರಹವನ್ನು ‘ಉಳುವವನೇ ಹೊಲದೊಡೆಯ’ ಎಂಬ ಒಂದು ಘೋಷಣೆಯಲ್ಲಿ ಮುಗಿಸುವುದು ರೂಢಿ. ಅಲ್ಲಿ ಬೆಂಕಿ ಹತ್ತಿದ್ದು ಕೊಳಗದಿಂದ, ಅಂದರೆ ಭತ್ತ ಅಳೆಯುವ ಪಾತ್ರೆಯಿಂದ. ಗೇಣಿ ಹಣದಲ್ಲಲ್ಲ, ಭತ್ತದಲ್ಲಿ. ಇಷ್ಟು ಜಮೀನಿಗೆ ಇಷ್ಟು ಖಂಡುಗ ಎಂದು ಬಾಯಿಮಾತಿನಲ್ಲಿ ಗೊತ್ತಾಗುತ್ತಿತ್ತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಆದರೆ ಗೇಣಿ ಅಳೆಯುವ ಕೊಳಗ ಒಡೆಯರ ಮನೆಯದು, ಮತ್ತು ಅದು ರೂಢಿಯ ಕೊಳಗಕ್ಕಿಂತ ದೊಡ್ಡದು ಎಂಬುದೇ ಗೇಣಿದಾರರ ತಕರಾರು.

ಲೆಕ್ಕ ಹಾಕಿ ನೋಡಿದರೆ ಇದರ ಪೆಟ್ಟು ತಿಳಿಯುತ್ತದೆ. ಉದಾಹರಣೆಗೆ ರೂಢಿಯ ಕೊಳಗಕ್ಕೆ ಮೂರು ಸೇರು, ಒಡೆಯರ ಕೊಳಗಕ್ಕೆ ಮೂರೂವರೆ ಸೇರು ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ಗೇಣಿ ಹತ್ತು ಖಂಡುಗ, ಅಂದರೆ 200 ಕೊಳಗ. ನ್ಯಾಯವಾಗಿ ಕೊಡಬೇಕಾದದ್ದು 600 ಸೇರು, ಅಳೆದುಕೊಟ್ಟದ್ದು 700. ನೂರು ಸೇರು ಹೆಚ್ಚು, ಅಂದರೆ ರೂಢಿಯ ಅಳತೆಯಲ್ಲಿ ಒಂದು ಖಂಡುಗ ಹದಿಮೂರು ಕೊಳಗ ದಾಟಿತು. ಇದರ ಮೇಲೆ ಕೋಲು ಎಳೆದು ಸಮ ಮಾಡದೆ ಗೋಪುರದ ಹಾಗೆ ತುಂಬಿ ಅಳೆದರೆ ಇನ್ನೊಂದಿಷ್ಟು. ಕಣದಲ್ಲಿ ಒಂದು ಎನ್ನುವ ಬದಲು ಲಾಭ ಎಂದು ಶುರುಮಾಡಿ ‘ಲಾಭ, ಎರಡು, ಮೂರು’ ಎಂದು ಎಣಿಸುತ್ತಾ ಹೋಗುವಾಗ ಲಾಭ ಯಾರದೆಂಬುದು ಪಾತ್ರೆಯಲ್ಲೇ ತೀರ್ಮಾನವಾಗಿರುತ್ತಿತ್ತು. ಎಣಿಕೆ ಸರಿ, ಪಾತ್ರೆ ತಪ್ಪು. ಆದ್ದರಿಂದ ದೂರು ಕೊಟ್ಟರೂ ‘ಹತ್ತು ಖಂಡುಗಕ್ಕೆ ಹತ್ತು ಖಂಡುಗ ತಾನೇ ತಗೊಂಡಿದ್ದು’ ಎಂಬ ಉತ್ತರ ಸಿದ್ಧ.

ಗೇಣಿದಾರರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಅವರನ್ನು ರೈತ ಸಂಘದಲ್ಲಿ ಒಗ್ಗೂಡಿಸಿದವರು ಎಚ್. ಗಣಪತಿಯಪ್ಪ. 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಶುರುವಾಯಿತು. ತಂಡ ತಂಡವಾಗಿ ಗದ್ದೆಗೆ ಇಳಿಯುವುದು, ಬಂಧನಕ್ಕೆ ಒಳಗಾಗುವುದು, ಮಾರನೆಯ ದಿನ ಇನ್ನೊಂದು ತಂಡ. ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು, ಗೋಪಾಲಗೌಡರು ಅದರ ಮುಂದಾಳುಗಳಲ್ಲಿ ಒಬ್ಬರು. ಜೂನ್‌ನಲ್ಲಿ ಲೋಹಿಯಾ ಬಂದು ಬಂಧಿತರಾದ ಮೇಲೆ ಸಾಗರ ತಾಲ್ಲೂಕಿನ ಒಂದು ಹಳ್ಳಿಯ ಹೆಸರು ದೇಶಕ್ಕೆ ಗೊತ್ತಾಯಿತು. ಬರೆಯುವವರು ಇಲ್ಲಿ ಜಾಗ್ರತೆಯಾಗಿರಬೇಕು. ಚಳವಳಿ ಹುಟ್ಟಿಸಿದ್ದು ಗೋಪಾಲಗೌಡರಲ್ಲ. ಗಣಪತಿಯಪ್ಪನವರ ಪಾಲನ್ನು ಗೌಡರ ಲೆಕ್ಕಕ್ಕೆ ಜಮಾ ಮಾಡಬಾರದು. ಗೌಡರು ಮಾಡಿದ್ದು ಆ ಕೊಳಗದ ಮಾತನ್ನು ವಿಧಾನಸಭೆಗೆ ಹೊತ್ತದ್ದು.

ಮಧ್ಯಾಹ್ನದ ಪಾಲು ನಡವಳಿಗಳಿಗೆ, ಅಂದರೆ ಸದನದಲ್ಲಿ ಆಡಿದ ಮಾತುಗಳ ಅಚ್ಚಾದ ದಾಖಲೆಗೆ. ಸದನದ ನಡವಳಿ ಓದುವುದಕ್ಕೂ ಒಂದು ಕ್ರಮವಿದೆ. ಮೊದಲ ಪುಟದಿಂದ ಶುರುಮಾಡಿದರೆ ಸಂಜೆಗೆ ಪ್ರಮಾಣವಚನವೇ ಮುಗಿದಿರುವುದಿಲ್ಲ. ಸೂಚಿಯಲ್ಲಿ ಸದಸ್ಯರ ಹೆಸರು ಹಿಡಿಯಬೇಕು. ‘ಗೋಪಾಲಗೌಡ’, ‘ಶಾಂತವೇರಿ’ ಎರಡೂ ಕಡೆ ನೋಡಬೇಕು. ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಟಗಳಲ್ಲಿ ಪದ ಹಾಕಿ ಹುಡುಕುವುದನ್ನು ನೆಚ್ಚಬಾರದು. ಒತ್ತಕ್ಷರ ಅಳಿಸಿದ್ದರೆ ಯಂತ್ರಕ್ಕೆ ಸಿಗುವುದಿಲ್ಲ. ಆಮೇಲೆ ನೇರವಾಗಿ ಮೂರು ಜಾಗಕ್ಕೆ ಹೋಗಬೇಕು: ಪ್ರಶ್ನೋತ್ತರ, ರಾಜ್ಯಪಾಲರ ಭಾಷಣದ ಮೇಲಿನ ಚರ್ಚೆ, ಬಜೆಟ್‌ನಲ್ಲಿ ಇಲಾಖಾವಾರು ಹಣದ ಬೇಡಿಕೆಗಳ ಮೇಲಿನ ಚರ್ಚೆ. ಮೂರನೆಯದೇ ಬಂಗಾರ. ಬೆರಳೆಣಿಕೆಯ ಸದಸ್ಯರಿರುವ ಪಕ್ಷಕ್ಕೆ ಮಸೂದೆ ಸೋಲಿಸುವ ಬಲವಿಲ್ಲ, ಆದರೆ ಕಂದಾಯ ಇಲಾಖೆಯ ಬೇಡಿಕೆಯಲ್ಲಿ ನೂರು ರೂಪಾಯಿ ಕಡಿತ ಮಾಡಿ ಎಂದು ಸೂಚನೆ ಕೊಟ್ಟು, ಅದರ ನೆಪದಲ್ಲಿ ಗೇಣಿದಾರನ ಕಷ್ಟವನ್ನೆಲ್ಲ ಹೇಳಬಹುದು. ಸೂಚನೆ ಬಿದ್ದುಹೋಗುತ್ತದೆ, ಮಾತು ಅಚ್ಚಾಗಿ ಉಳಿಯುತ್ತದೆ. ಗೋಪಾಲಗೌಡರ ಬಗ್ಗೆ ಬಾಯಿಂದ ಬಾಯಿಗೆ ಬಂದಿರುವ ರೋಚಕ ಪ್ರಸಂಗಗಳಿಗೆ ಲೆಕ್ಕವಿಲ್ಲ. ನಡವಳಿಯಲ್ಲಿ ತಾರೀಖು ಸಿಕ್ಕರೆ ಸೇರಿಸಿ, ಸಿಗದಿದ್ದರೆ ಬಿಡಿ.

ಎದುರು ಪಾಳಯಕ್ಕೂ ನ್ಯಾಯ ಸಿಗಬೇಕು. ಗೇಣಿಯ ಮತ್ತು ಇನಾಂ (ದಾನವಾಗಿ ಕೊಟ್ಟ ಜಮೀನು) ರದ್ದತಿಯ ಕಾಯಿದೆಗಳನ್ನು ಐವತ್ತರ ದಶಕದಲ್ಲಿ ಕಂದಾಯ ಮಂತ್ರಿಯಾಗಿ ತಂದವರು ಅದೇ ತೀರ್ಥಹಳ್ಳಿ ತಾಲ್ಲೂಕಿನ ಕಡಿದಾಳ್ ಮಂಜಪ್ಪ. ಕಾಯಿದೆ ತಂದವರೂ ಅದು ಸಾಲದು ಎಂದವರೂ ಒಂದೇ ಸೀಮೆಯವರು. 1961ರ ಭೂಸುಧಾರಣಾ ಕಾಯಿದೆ ಜಾರಿಗೆ ಬರಲು 1965ರ ಅಕ್ಟೋಬರ್ 2 ಆಯಿತು. ಆ ನಡುವಿನ ವರ್ಷಗಳಲ್ಲಿ ಒಕ್ಕಲೆಬ್ಬಿಸಲು ಬೇಕಾದಷ್ಟು ಬಿಡುವಿತ್ತು.

ಗೇಣಿ ಪದ್ಧತಿಯ ಬೇರಿಗೆ ಕೊಡಲಿ ಬಿದ್ದದ್ದು 1974ರ ಮಾರ್ಚ್ 1ರಿಂದ ಜಾರಿಯಾದ ತಿದ್ದುಪಡಿಯಿಂದ, ದೇವರಾಜ ಅರಸರ ಕಾಲದಲ್ಲಿ. ಗೋಪಾಲಗೌಡರು ತೀರಿಕೊಂಡು ಎರಡು ವರ್ಷದ ಹತ್ತಿರವಾಗಿತ್ತು. ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು, ಗೇಣಿದಾರ ಫಾರಂ 7 ತುಂಬಿ ಭೂನ್ಯಾಯಮಂಡಳಿಗೆ ಅರ್ಜಿ ಹಾಕಬೇಕಿತ್ತು. ಗಡುವು ಮುಂದೆ ಹೋಗುತ್ತಾ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು.

ಅರ್ಜಿ ಬಿದ್ದುಹೋಗುತ್ತಿದ್ದ ಜಾಗ ಒಂದೇ: ಪುರಾವೆ. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರನ ಹೆಸರು ಇರಬೇಕಿತ್ತು. ಬಾಯಿಮಾತಿನ ಗೇಣಿಯಲ್ಲಿ ಅಲ್ಲಿ ಒಡೆಯರ ಹೆಸರೇ ‘ಸ್ವಂತ’ ಎಂದು ಕೂತಿರುತ್ತಿತ್ತು. ಭತ್ತ ಅಳೆದುಕೊಟ್ಟದ್ದಕ್ಕೆ ರಸೀದಿ ಕೇಳುವ ರೂಢಿಯೇ ಇರಲಿಲ್ಲ. ಆಗ ಉಳಿಯುತ್ತಿದ್ದದ್ದು ಪಕ್ಕದ ಗದ್ದೆಯವನ ಸಾಕ್ಷಿ. ಆ ಪಕ್ಕದ ಗದ್ದೆಯವನೂ ಅದೇ ಒಡೆಯರ ಗೇಣಿದಾರನಾಗಿದ್ದರೆ, ಮಂಡಳಿಯ ಮುಂದೆ ನಿಂತು ಅವನು ಬಾಯಿಬಿಡುತ್ತಾನೋ ಇಲ್ಲವೋ ಎಂಬುದರ ಮೇಲೆ ಜಮೀನು ನಿಂತಿತ್ತು.