ಕಾಪುವಿನ ದೀಪಸ್ತಂಭದಿಂದ ಇಳಿದು ಬಂದ ಮೇಲೆ

1901ರಲ್ಲಿ ಕಡಲಂಚಿನ ಬಂಡೆಯ ಮೇಲೆ ಕಟ್ಟಿದ, ಸುಮಾರು 27 ಮೀಟರ್ ಎತ್ತರದ ಕಾಪುವಿನ ದೀಪಸ್ತಂಭವನ್ನು ಇಂದು ಸಂಜೆ ಹತ್ತಿ ಇಳಿದೆ.

ಮೇಲಿನ ಕಂಬಿ ಹಿಡಿದು ನಿಂತಾಗ ಅಂಗೈಗೆ ಅಂಟಿದ ಉಪ್ಪುಗಾಳಿಯ ಜಿಗುಟು, ಮನೆಗೆ ಬಂದು ಎರಡು ಸಲ ಸೋಪು ಹಾಕಿ ತೊಳೆದರೂ ಪೂರ್ತಿ ಹೋದಂತಿಲ್ಲ.

ವಿದ್ಯುತ್ತಿಲ್ಲದ ಆ ಕಾಲದಲ್ಲಿ ಎಣ್ಣೆಯ ದೀಪವನ್ನೇ ಉರಿಸಬೇಕಿತ್ತು. ಅದರ ಬೆಳಕು ಚದುರದಂತೆ ಸುತ್ತಲಿನ ಗಾಜಿನ ಪಟ್ಟಕಗಳು ಒಟ್ಟುಗೂಡಿಸಿ ಸಮುದ್ರದತ್ತ ಕಳುಹಿಸುತ್ತಿದ್ದವು. ಇದೇ ಜಿಗುಟು ಆ ಗಾಜಿಗೂ ಅಂಟುತ್ತಿದ್ದಿರಬೇಕು, ಯಾರೋ ಒಬ್ಬರು ದಿನವೂ ಬಟ್ಟೆ ಹಿಡಿದು ಅದನ್ನು ಒರೆಸುತ್ತಿದ್ದಿರಬೇಕು. (ನಾನೋ, ಕನ್ನಡಕ ಒರೆಸಲೂ ಸೋಮಾರಿ.)

ದಡದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರನ್ನು ಜಿಪಿಎಸ್ ಬಂದ ಮೇಲೂ ಇದು ಬೇಕೇ ಎಂದು ಕೇಳಿದೆ. ಕತ್ತಲಲ್ಲಿ ಕಣ್ಣು ಮೊದಲು ಹುಡುಕುವುದು ಇದನ್ನೇ ಎಂದು ಹೇಳಿ, ಅವರು ಮತ್ತೆ ಬಲೆಯ ಗಂಟಿಗೆ ಕೈಹಾಕಿದರು.