ಎರಡೇ ಚಮಚ ಚಟ್ನಿ

"ಎರಡೇ ಚಮಚ ಕಣಮ್ಮ, ಕಡಲೆಬೀಜದ ಚಟ್ನಿ. ನಾನೇ ಹಾಕಿಬಿಟ್ಟೆ."

ಸೋಮವಾರದಿಂದ ಈ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. ಲ್ಯಾಬಿನ ಕೌಂಟರಿನ ಮುಂದೆ ಅಜ್ಜಿ ಸೆರಗು ಹಿಡಿದು ನಿಂತಿದ್ದರು. ಯಜಮಾನರಿಗೆ ಕಿಡ್ನಿ ತೊಂದರೆ, ಡಯಾಲಿಸಿಸ್ ತನಕ ಹೋಗಿಲ್ಲ. ಹಿಂದಿನ ವಾರ ನಾವು ಕೊಟ್ಟ ರಿಪೋರ್ಟಿನಲ್ಲಿ ಫಾಸ್ಫರಸ್ 6.8. ದೊಡ್ಡವರಿಗೆ ಸುಮಾರು 2.5ರಿಂದ 4.5 ಇರಬೇಕು. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಇದ್ದಲ್ಲೇ ಇದ್ದು ಇದೊಂದು ಯಾಕೆ ಹಾರಿತು ಅಂತ ಡಾಕ್ಟರಿಗೆ ಅನುಮಾನ. ಇನ್ನೊಮ್ಮೆ ಮಾಡಿಸಿ ಅಂದಿದ್ದರು. ಮಗನಿಗೆ ಮಾತ್ರ ಅನುಮಾನ ಬಂದಿದ್ದು ಅಮ್ಮನ ಮೇಲೆ. ಕಡಲೆಬೀಜದಲ್ಲಿ ಫಾಸ್ಫರಸ್ ಜಾಸ್ತಿ, ಕಿಡ್ನಿ ಸೋತರೆ ಅದು ರಕ್ತದಲ್ಲೇ ಉಳಿಯುತ್ತದೆ. "ಎಷ್ಟು ಹೇಳಿದ್ರೂ ಕೇಳಲ್ಲ" ಎಂದು ನಮ್ಮೆದುರೇ ಗದರಿದ. ಅಡುಗೆ ಮನೆಗೆ ಕಾಲಿಡದ ಗಂಡಸರಿಗೆ ಉಪ್ಪು, ಎಣ್ಣೆ, ಚಟ್ನಿಯ ಲೆಕ್ಕ ಚೆನ್ನಾಗಿ ಬರುತ್ತದೆ.

ಆ ಹಳೇ ಸ್ಯಾಂಪಲ್ ನನಗೆ ನೆನಪಿತ್ತು. ಬೆಳಿಗ್ಗೆ ತಾಲ್ಲೂಕಿನ ಕಲೆಕ್ಷನ್ ಸೆಂಟರಿನಲ್ಲಿ ತೆಗೆದ ರಕ್ತ. ಸೀರಮ್ ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿನೀರು; ಅದನ್ನು ಬೇರೆ ಮಾಡದೆ, ಬಿಸಿಲಲ್ಲಿ ಬೈಕಿನ ಮೇಲೆ ಕುಲುಕಾಡಿಕೊಂಡು ಸಂಜೆ ಬಂದಿತ್ತು. ಗಿರಗಿರ ತಿರುಗಿಸಿ ಕಣ ಬೇರೆ ಮಾಡುವ ಸೆಂಟ್ರಿಫ್ಯೂಜಿನಿಂದ ತೆಗೆದಾಗ ತಿಳಿ ಹಳದಿ ಇರಬೇಕಾದ ಸೀರಮ್ ಕೆಂಪಗಿತ್ತು. ರಿಪೋರ್ಟಿನಲ್ಲಿ ಫಾಸ್ಫರಸ್ ಅಂತ ಬರೆಯುವುದು ರಕ್ತದ ಫಾಸ್ಫೇಟನ್ನೇ. ರಕ್ತಕಣದ ಒಳಗೆ ಅದು ಜಾಸ್ತಿ, ಕಣ ಒಡೆದರೆ ಅದು ಸೀರಮ್ಮಿಗೆ ಇಳಿಯುತ್ತದೆ. ಫಾಸ್ಫೇಟು ಮಾಲಿಬ್ಡೇಟ್ ಅನ್ನುವ ರಾಸಾಯನಿಕದ ಜೊತೆ ಕೂಡಿದ್ದನ್ನು ಮೆಷಿನ್ 340 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆದು ನಂಬರ್ ಕೊಡುತ್ತದೆ. ಚಟ್ನಿಯಿಂದ ಬಂತೋ, ಟ್ಯೂಬಿನಲ್ಲೇ ಒಡೆದ ಕಣದಿಂದ ಬಂತೋ, ಅದಕ್ಕೇನು ಗೊತ್ತು?

ನನಗೆ ಗೊತ್ತಿತ್ತು. ಡಿಪ್ಲೊಮಾ ಓದುವಾಗ ಫಾಸ್ಫರಸ್ ಅಳೆಯುವ ಫಿಸ್ಕೆ-ಸುಬ್ಬರಾವ್ ವಿಧಾನ ಕಲಿಸಿದ್ದರು. 1925ರದ್ದು, ನೀಲಿ ಬಣ್ಣ ಬರಿಸಿ ಅಳೆಯುವುದು. ಆ ಸುಬ್ಬರಾವ್ ಆಂಧ್ರದ ಭೀಮವರಂನಲ್ಲಿ ಹುಟ್ಟಿದವರು ಅನ್ನುವಾಗ ಮೇಷ್ಟ್ರಿಗೆ ಅವರದೇ ನೆಂಟರು ಅನ್ನುವಷ್ಟು ಹೆಮ್ಮೆ. ಸೋಪಿನ ಫಾಸ್ಫೇಟು ಟ್ಯೂಬಿಗೆ ಅಂಟಿದ್ದರೂ ಲೆಕ್ಕಕ್ಕೆ ಬರುತ್ತೆ, ಜೋಕೆ ಅನ್ನುತ್ತಿದ್ದರು. ಅಷ್ಟು ಕಲಿತವಳು ಕೆಂಪು ಸೀರಮ್ ನೋಡಿಯೂ ಮೆಷಿನ್‌ಗೆ ಹಾಕಿದೆ. ಸ್ಯಾಂಪಲ್ ತಂದ ಹುಡುಗನನ್ನು ಬೈಯಬಹುದು. ಆದರೆ ರಿಪೋರ್ಟಿನಲ್ಲಿ 'ಹೀಮೊಲೈಸ್ಡ್', ಅಂದರೆ ಕಣ ಒಡೆದಿದೆ, ಅಂತ ಒಂದು ಪದ ಹಾಕಬೇಕಿದ್ದವಳು ನಾನು. ಮನೆಗೆ ಹೊರಡುವ ಹೊತ್ತಾಗಿತ್ತು, ಅಷ್ಟೇ.

ಸೋಮವಾರ ನಾನೇ ರಕ್ತ ತೆಗೆದೆ. ಹೆಪ್ಪುಗಟ್ಟಿದ ಕೂಡಲೇ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದೆ. 4.9 ಬಂತು.

ಇನ್‌ಚಾರ್ಜ್‌ಗೆ ಹೇಳಿದೆ. "ಡಾಕ್ಟರಿಗೆ ಫೋನ್ ಮಾಡ್ತೀನಿ, ಪೇಷಂಟಿಗೆ ಯಾಕೆ ಸುಮ್ನೆ ಗಾಬರಿ" ಅಂದರು. ಗಾಬರಿ ಆಗಲೇ ಒಂದು ವಾರ ಅವರ ಮನೆಯಲ್ಲಿ ಊಟಕ್ಕೆ ಕೂತು ಎದ್ದಿತ್ತು.

ರಿಪೋರ್ಟ್ ನೋಡಿ ಅಜ್ಜಿಯ ಮುಖ ಅರಳಿತು. "ನೋಡಿದ್ಯಾ, ಚಟ್ನಿ ಬಿಡಿಸಿದ್ದಕ್ಕೆ ಇಳೀತು" ಎಂದು ಮಗನಿಗೆ ತೋರಿಸಿದರು. ಅವರು ಬಾಗಿಲು ದಾಟಿದ ಮೇಲೆ ನಾನು ಹಿಂದೆಯೇ ಹೋದೆ.

"ಅಜ್ಜಿ, ಅದು ಚಟ್ನಿ ಅಲ್ಲ. ಹೋದ ಸಲದ ರಕ್ತ ನಮ್ಮ ಕೈಯಲ್ಲೇ ಕೆಟ್ಟಿತ್ತು."

ಅವರು ನನ್ನನ್ನು ನೋಡಿದರು. ಮಗನನ್ನು ನೋಡಿದರು. "ಇರ್ಲಿ ಬಿಡಮ್ಮ, ಎರಡು ಚಮಚ ಹಾಕಿದ್ದಂತೂ ನಿಜ" ಅಂದು ಆಟೋ ಹತ್ತಿದರು.